ಮೈಯಲ್ಲಿ ಮದ್ದು ನಿಲ್ಲಿಸುವ ಕೆಲಸ

ಬ್ರಹ್ಮಾವರದ ಕಡೆಯ ಫಾರ್ಮಸಿ ಕಾಲೇಜೊಂದರ ಹುಡುಗಿ ಹೋದ ತಿಂಗಳು ಕುಂದಾಪುರದ ನಮ್ಮ ಮನೆಗೆ ಬಂದಿದ್ದಳು. ಓದು ಮುಗಿಸಿ ಪೆಪ್ಟೈಡ್ ಮದ್ದುಗಳ ಸಂಶೋಧನೆಗೆ ಸೇರುವವಳಂತೆ. “ಸರ್, ನಿಮ್ ಸರ್ವಿಸಿನ್ ಕಥಿ ಹೇಳಿ, ನಮ್ಗೊಂದ್ ಸ್ಫೂರ್ತಿ ಆತ್ತ್” ಎಂದಳು. ಚಹಾ ಕೊಟ್ಟು, ಬರೆದುಕೊಡುತ್ತೇನೆ ಎಂದು ಸಾಗಹಾಕಿದೆ. ಸ್ಫೂರ್ತಿ ಎಂಬ ಸಾಮಾನು ನನ್ನ ಅಂಗಡಿಯಲ್ಲಿ ಮುಗಿದು ಬಹಳ ಕಾಲವಾಯಿತು. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಓದಿದ ಮೇಲೂ ಈ ಕೆಲಸಕ್ಕೆ ಸೇರುತ್ತೇನೆ ಎನ್ನುವವರು ಸೇರಲಿ, ನನ್ನ ತಕರಾರಿಲ್ಲ.

ನಾನು ಮುಂಬಯಿಯ ಒಂದು ಔಷಧ ಕಂಪನಿಯ ಪ್ರಯೋಗಾಲಯದಲ್ಲಿ ದುಡಿದು ನಿವೃತ್ತನಾದವನು. ನಮ್ಮ ಕಡೆಯ ಎಷ್ಟೋ ಶೆಟ್ಟರ ಹುಡುಗರ ಹಾಗೆ ಮಾವನ ಹೋಟೆಲಿನ ಮಾಳಿಗೆಯಲ್ಲಿ ಉಳಿದು, ಬಿಡುವಿನಲ್ಲಿ ಗಲ್ಲಾದಲ್ಲಿ ಕೂತು, ಎಂ.ಎಸ್ಸಿ. ಮಾಡಿಕೊಂಡು ಒಳಗೆ ಸೇರಿದೆ. ಯಾವಾಗ ಸೀನಿಯರ್ ಆದೆ, ಯಾವಾಗ ನನಗೂ ಬಾಗಿಲಿರುವ ಕೋಣೆ ಸಿಕ್ಕಿತು ಎಂಬುದನ್ನೆಲ್ಲ ಬಿಟ್ಟುಬಿಡುತ್ತೇನೆ. ಅದರಿಂದ ಯಾರ ಮೈಯಲ್ಲೂ ಒಂದು ಹನಿ ಮದ್ದು ಒಂದು ಗಳಿಗೆ ಹೆಚ್ಚು ನಿಲ್ಲಲಿಲ್ಲ.

ನಮ್ಮ ಕೆಲಸವೆಂದರೆ ಅದೇ, ಮದ್ದನ್ನು ಮೈಯಲ್ಲಿ ನಿಲ್ಲಿಸುವುದು. ಇನ್ಸುಲಿನ್ನಿನಂಥ ಪೆಪ್ಟೈಡ್ ಮದ್ದುಗಳು ಪ್ರೋಟೀನ್ ಜಾತಿಯವು, ಅಮೈನೋ ಆಮ್ಲದ ಮಣಿಗಳನ್ನು ಪೋಣಿಸಿದ ಸರದಂಥವು. ನುಂಗಿದರೆ ಹೊಟ್ಟೆ ಅವನ್ನು ಮೀನಿನ ತುಂಡಿನ ಹಾಗೆ ಅರಗಿಸಿಬಿಡುತ್ತದೆ, ಹಾಗಾಗಿ ಚುಚ್ಚಬೇಕು. ಚುಚ್ಚಿದ ಮೇಲೂ ಸುಖವಿಲ್ಲ. ರಕ್ತದಲ್ಲಿ ಕಿಣ್ವಗಳು ಕಚ್ಚಿ ಕಚ್ಚಿ ತುಂಡು ಮಾಡುತ್ತವೆ. ಮದ್ದು ಸಣ್ಣದಾದಷ್ಟೂ, ಬಲೆಯ ಕಣ್ಣಿನಿಂದ ಮರಿಮೀನು ನುಸುಳುವ ಹಾಗೆ, ಕಿಡ್ನಿಯಿಂದ ನುಸುಳಿ ಹೊರಗೆ ಹೋಗುತ್ತದೆ. ಕಿಣ್ವಕ್ಕೆ ಸಿಗದ ಹಾಗೆ, ಕಿಡ್ನಿಯಿಂದ ಜಾರದ ಹಾಗೆ ಮದ್ದನ್ನು ಬದಲಾಯಿಸುವುದರಲ್ಲಿ ನನ್ನ ಆಯುಷ್ಯ ಹೋಯಿತು. ಪ್ರಯೋಗಾಲಯದಲ್ಲಿ ನಾವು ಕಿಡ್ನಿಯನ್ನು ಬೈದಷ್ಟು ಯಾವ ಮೇಲಧಿಕಾರಿಯನ್ನೂ ಬೈದಿರಲಿಕ್ಕಿಲ್ಲ.

ಮೊದಲ ಪೆಟ್ಟು ಬಿದ್ದದ್ದು ಸೇರಿದ ಹೊಸದರಲ್ಲೇ. ಇಲಿಗಳಿಗೆ ಒಂದು ಪೆಪ್ಟೈಡ್ ಚುಚ್ಚಿ, ಆಗಾಗ ರಕ್ತ ತೆಗೆದು, ಎಷ್ಟು ಉಳಿದಿದೆ ಎಂದು ಅಳೆಯುವುದು ನನ್ನ ಪಾಲಿಗೆ ಬಂದಿತ್ತು. ಅಳೆದರೆ ಏನೂ ಇಲ್ಲ. ಚುಚ್ಚಿದ್ದೇ ಸುಳ್ಳೇನೋ ಎನ್ನುವಷ್ಟು ಇಲ್ಲ. ಎಷ್ಟೋ ಇಲಿಗಳ ಮೇಲೆ ಮತ್ತೆ ಮತ್ತೆ ಮಾಡಿ, ಈ ಮದ್ದು ಮೈಗೆ ಹೋದ ಕ್ಷಣವೇ ಮಾಯವಾಗುತ್ತದೆ ಎಂದು ಗಂಭೀರವಾಗಿ ವರದಿ ಒಪ್ಪಿಸಿದೆ. ನಮ್ಮ ಮುಖ್ಯಸ್ಥರು ಡಾಕ್ಟರ್ ಪಾಟ್ಕರ್, ರತ್ನಾಗಿರಿಯವರು. ಬೆಳಿಗ್ಗೆ ಬಂದ ಕೂಡಲೇ ಫ್ರಿಜ್ಜುಗಳ ಬಾಗಿಲು ತೆರೆದು ನೋಡಿ, ಇವತ್ತು ಯಾರ ಮೇಲೆ ರೇಗಬೇಕು ಎಂದು ತೀರ್ಮಾನಿಸುವ ಮನುಷ್ಯ. ಅವರು ನನ್ನ ಖಾಲಿ ಕೊಳವೆಯೊಂದಕ್ಕೆ ಸ್ವಲ್ಪ ಸೋಪಿನಂಥ ದ್ರಾವಣ ಹಾಕಿ ಕುಲುಕಿ, “ಈಗ ಅಳೆ” ಎಂದರು. ಮದ್ದು ಅಷ್ಟೂ ಅಲ್ಲಿತ್ತು. “ಶೆಟ್ಟಿ, ನಿನ್ನ ಮದ್ದು ಇಲಿಯ ಮೈಯಿಂದ ಓಡಿಹೋಗಿಲ್ಲ. ನಿನ್ನ ಗಾಜಿಗೆ ಅಂಟಿಕೊಂಡು ಕೂತಿದೆ” ಎಂದು ಇಡೀ ಪ್ರಯೋಗಾಲಯಕ್ಕೆ ಕೇಳಿಸುವ ಹಾಗೆ ನಕ್ಕರು. ಪೆಪ್ಟೈಡುಗಳು ಗಾಜಿಗೆ, ಪ್ಲಾಸ್ಟಿಕ್ಕಿಗೆ, ಸಿರಿಂಜಿಗೆ ಅಂಟುತ್ತವೆ. ಈಗಿನವರಿಗೆ ಇದನ್ನು ಮೊದಲ ವಾರದಲ್ಲೇ ಹೇಳಿಕೊಡುತ್ತಾರೆ. ನನಗೆ ಪಾಟ್ಕರರ ನಗೆ ಹೇಳಿಕೊಟ್ಟಿತು.

ಇನ್ನು ನನ್ನ ತಂಗಿಯ ವಿಷಯಕ್ಕೆ ಬರಬೇಕು, ಯಾಕೆಂದರೆ ನನ್ನ ಕೆಲಸದ ಕಥೆ ಅವಳಿಂದ ಬೇರೆಯಾಗಿ ನನಗೇ ನೆನಪಾಗುವುದಿಲ್ಲ.

ಗಿರಿಜೆಯನ್ನು ಕೊಟ್ಟದ್ದು ಬಾರ್ಕೂರಿಗೆ. ಭಾವ ಶೇಖರನಿಗೆ ಸ್ವಲ್ಪ ಗದ್ದೆ, ತೆಂಗು. ಅಂಗಳದ ಬದಿಯಲ್ಲಿ ಗಿರಿಜೆ ಮಲ್ಲಿಗೆ ಹಾಕಿದ್ದಳು. ಬೆಳಿಗ್ಗೆ ಮೊಗ್ಗು ಕೊಯ್ದು, ಬಾಳೆ ನಾರಿನಲ್ಲಿ ಕಟ್ಟಿ, ಉಡುಪಿಗೆ ಹೋಗುವ ಬಸ್ಸಿನಲ್ಲಿ ಕಳಿಸುವುದು ಅವಳ ಕೆಲಸ. ಅವಳ ಕೈಯ ಓಟ ನೋಡಬೇಕಿತ್ತು. ಮಾತಾಡುತ್ತಾ, ಅಡುಗೆ ಮನೆಯ ಕಡೆ ಕಣ್ಣಿಟ್ಟುಕೊಂಡೇ ಕಟ್ಟುತ್ತಿದ್ದಳು, ನಾರಿನ ಗಂಟು ಮಾತ್ರ ಒಂದಕ್ಕೊಂದು ಒತ್ತಿ ಕೂತಿರುತ್ತಿತ್ತು.

ಅವಳಿಗೆ ಥೈರಾಯ್ಡ್ ಗಡ್ಡೆಯಾಗಿ ಆಪರೇಷನ್ ಆಯಿತು. ಥೈರಾಯ್ಡಿನ ಹಿಂದೆ ಅಕ್ಕಿಕಾಳಿನಂಥ ಸಣ್ಣ ಗ್ರಂಥಿಗಳಿರುತ್ತವೆ. ರಕ್ತದಲ್ಲಿ ಕ್ಯಾಲ್ಸಿಯಂ ಎಷ್ಟಿರಬೇಕೆಂದು ನೋಡಿಕೊಳ್ಳುವ ಹಾರ್ಮೋನು ಅವುಗಳಿಂದ ಬರುತ್ತದೆ. ಗಡ್ಡೆ ಅವನ್ನೆಲ್ಲ ಸುತ್ತಿಕೊಂಡಿತ್ತು, ಗಡ್ಡೆಯ ಜೊತೆಗೆ ಅವೂ ಹೋದವು. ಯಾರ ತಪ್ಪೂ ಅಲ್ಲ. ಗಂಟಲಿನ ಗಾಯ ಒಣಗಿತು, ಆದರೆ ರಕ್ತದಲ್ಲಿ ಕ್ಯಾಲ್ಸಿಯಂ ಇಳಿದು ಅವಳ ಬೆರಳುಗಳು ಹೋದವು.

ರಜೆಗೆ ಊರಿಗೆ ಬಂದವನು ಬಾರ್ಕೂರಿಗೆ ಹೋಗಿದ್ದೆ. ಚಾವಡಿಯಲ್ಲಿ ಕೂತು ಮಲ್ಲಿಗೆ ಕಟ್ಟುತ್ತಿದ್ದವಳು ಅರ್ಧದಲ್ಲಿ ನಿಂತಳು. ಬಲಗೈಯ ಬೆರಳುಗಳೆಲ್ಲ ತುದಿಗೂಡಿ, ಕೋಳಿಯ ಕೊಕ್ಕಿನ ಹಾಗೆ ಸೆಟೆದುಕೊಂಡಿದ್ದವು.

“ಅಣ್ಣಯ್ಯ, ಕಾಣ್. ಮತ್ತೆ ಹಿಡ್ಕಂತ್” ಎಂದಳು. “ಬಸ್ಸಿಗ್ ಹೊತ್ತಾಯ್ತ್. ಉಳಿದದ್ದ್ ನೀ ಕಟ್ಟ್.”

ನಾನು ಕಟ್ಟಿದೆ. ಎತ್ತಿದ ಕೂಡಲೇ ಹೂವೆಲ್ಲ ಉದುರಿತು. ನೋವಿನಲ್ಲೇ ನಕ್ಕಳು. “ಮುಂಬೈಯಂಗೆ ಇಷ್ಟ್ ವರ್ಷ ಎಂತ ಕಲ್ತೆ ನೀನ್?”

ಅವಳಿಗೆ ಕೊಡುತ್ತಿದ್ದದ್ದು ಕ್ಯಾಲ್ಸಿಯಂ ಮಾತ್ರೆ. ದಿನವೂ ಹಿಡಿಗಟ್ಟಲೆ. ಅದು ಬೆರಳಿಗೆ ಆಗುತ್ತದೆ, ಕಿಡ್ನಿಗೆ ಆಗುವುದಿಲ್ಲ. ಹಾರ್ಮೋನು ಇದ್ದರೆ ಕಿಡ್ನಿ ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟುಕೊಳ್ಳುತ್ತದೆ. ಇಲ್ಲದಿದ್ದರೆ ಮೂತ್ರಕ್ಕೆ ಬಿಡುತ್ತಲೇ ಇರುತ್ತದೆ, ಬಿಟ್ಟು ಬಿಟ್ಟು ತನ್ನೊಳಗೇ ಸುಣ್ಣ ಕಟ್ಟಿಕೊಳ್ಳುತ್ತದೆ. ವರ್ಷಗಳು ಹೋದ ಹಾಗೆ ಕಿಡ್ನಿ ಸಾಯುತ್ತದೆ. ಡಾಕ್ಟರು ಇದನ್ನು ಮೆಲ್ಲಗೆ ಹೇಳಿದ್ದರು. ಗಿರಿಜೆಗೆ ಅರ್ಥವಾಗಿತ್ತು.

“ಅಲ್ಲ ಅಣ್ಣಯ್ಯ, ಹೋದದ್ದ್ ಆ ಹಾರ್ಮೋನ್ ಅಲ್ದಾ? ಹಾಂಗಾರೆ ಅದ್ನೇ ಕೊಡುಕಾಗ್ದಾ?”

“ಕೊಡ್ಲಕ್ಕ್. ಆರೆ ಅದ್ ಮೈಯಂಗೆ ನಿಲ್ಲುದಿಲ್ಲೆ. ಒಂದ್ ಗಳ್ಗಿಯಂಗೆ ಹೊರಗ್ ಹೋತ್ತ್.”

“ನಿಲ್ಲಿಸುದೇ ನಿನ್ ಕೆಲ್ಸ ಅಂದಿದ್ಯಲೆ?”

ಅವಳ ಕಿಡ್ನಿ ಸುಣ್ಣವಾಗುವ ಮೊದಲು ನಿಲ್ಲುವ ಮದ್ದೊಂದು ಆಗಬೇಕು. ಅವತ್ತಿನಿಂದ ನನ್ನ ಮಟ್ಟಿಗೆ ಕೆಲಸವೆಂದರೆ ಇಷ್ಟೇ ಆಯಿತು.

ಪಾಟ್ಕರರ ಹತ್ತಿರ ಹೋಗಿ ಆ ಹಾರ್ಮೋನಿನ ಮೇಲೆ ಕೆಲಸ ಮಾಡೋಣ ಎಂದೆ. ತಂಗಿಯ ಸುದ್ದಿಯನ್ನೂ ಹೇಳಿದೆ. ಅವರು ಕೇಳಿಸಿಕೊಂಡು, “ತಂಗಿಯ ವಿಷಯ ಮೇಲಿನವರಿಗೆ ಹೇಳಬೇಡ. ಮೂಳೆ ಸವೆತಕ್ಕೂ ಇದೇ ಹಾರ್ಮೋನು ಆಗುತ್ತದೆ, ಮೂಳೆ ಎಂದು ಹೇಳು” ಎಂದರು. ಒರಟು ಮನುಷ್ಯ, ಆದರೆ ಬಾಗಿಲು ಎಲ್ಲಿದೆ ಎಂದು ಗೊತ್ತಿದ್ದವರು. ಹೀಗೆ ಮೂಳೆಯ ಹೆಸರಿನಲ್ಲಿ ನಮ್ಮ ಯೋಜನೆ ಶುರುವಾಯಿತು.

ಮೂಳೆ ಸವೆತಕ್ಕೆ ಕೊಡುವ, ಗಳಿಗೆಯಲ್ಲಿ ಹೋಗಿಬಿಡುವ ಇದೇ ಹಾರ್ಮೋನಿನ ಚುಚ್ಚುಮದ್ದು ಅಷ್ಟರಲ್ಲಿ ಪೇಟೆಗೆ ಬಂದಿತ್ತು. ಡಾಕ್ಟರನ್ನು ಕೇಳಿ ಗಿರಿಜೆಗೆ ಕೆಲವು ಕಾಲ ಅದನ್ನೇ ಕೊಡಿಸಿದೆವು. ಬೆಳಿಗ್ಗೆ ಚುಚ್ಚಿದರೆ ಮಧ್ಯಾಹ್ನದವರೆಗೆ ಬೆರಳು ಸಡಿಲ, ಹೂವು ಕಟ್ಟುವಳು. ಸಂಜೆಗೆ ತುಟಿಯ ಸುತ್ತ ಜುಮುಜುಮು, ಕಾಲಿನ ಮೀನಖಂಡ ಕಟ್ಟಿಕೊಂಡು ಮಂಚದಿಂದ ಏಳಲಾಗುತ್ತಿರಲಿಲ್ಲ. ಏರಿ ಇಳಿದು ಏರಿ ಇಳಿದು ಸುಸ್ತಾಗಿ ಬಿಟ್ಟುಬಿಟ್ಟಳು. “ಈ ಮದ್ದ್ ಬಂದ್ ಚಾ ಕುಡೀದೆ ಹೋಪು ನೆಂಟ್ರ್ ಇದ್ದಾಂಗಿತ್ತ್. ಒಲಿ ಮೇಲ್ ನೀರ್ ಇಡುದ್ರೊಳ್ಗೆ ಹೊರ್ಟಾಯ್ತ್” ಎಂದಳು. ಮದ್ದು ಮೈಯಲ್ಲಿ ಅರ್ಧಕ್ಕೆ ಇಳಿಯುವ ಹೊತ್ತು, ಅಂದರೆ ಅರ್ಧಾಯುಷ್ಯದ ಬಗ್ಗೆ ಆಮೇಲೆ ಎಷ್ಟೋ ಭಾಷಣ ಕೇಳಿದ್ದೇನೆ, ಇದಕ್ಕಿಂತ ಸರಿಯಾಗಿ ಯಾರೂ ಹೇಳಿಲ್ಲ.

ನಾವು ಹಿಡಿದ ಮೊದಲ ದಾರಿ ಮದ್ದನ್ನು ದೊಡ್ಡದು ಮಾಡುವುದು. ನೀರನ್ನು ಹಿಡಿದುಕೊಂಡು ಊದಿಕೊಳ್ಳುವ ಒಂದು ಉದ್ದನೆಯ ಸರಪಳಿಯನ್ನು ಪೆಪ್ಟೈಡಿಗೆ ಜೋಡಿಸಿದರೆ ಅದು ಕಿಡ್ನಿಯ ಬಲೆಯಿಂದ ನುಸುಳಲಾರದು. ಜೋಡಿಸುವುದು ಬಾಯಲ್ಲಿ ಹೇಳಿದಷ್ಟು ಸುಲಭವಲ್ಲ. ಸರಪಳಿ ಬೇಡದ ಕಡೆ ಅಂಟುತ್ತದೆ, ಎರಡೆರಡು ಅಂಟುತ್ತವೆ. ಶುದ್ಧ ಮಾಡುವುದರಲ್ಲೇ ಮಳೆಗಾಲಗಳು ಕಳೆದವು. ಕೊನೆಗೆ ಒಂದು ಸರಿಯಾಯಿತು. ಇಲಿಗಳಿಗೆ ಕೊಟ್ಟು, ರಕ್ತ ಅಳೆದು, ಗೆರೆ ಎಳೆದೆವು. ಹಳೆಯ ಮದ್ದಿನ ಗೆರೆ ಬಾವಿಗೆ ಬಿದ್ದ ಹಾಗೆ ಇಳಿದಿತ್ತು. ನಮ್ಮದು ಗದ್ದೆಯ ಅಂಚಿನ ಹಾಗೆ ಸಮನಾಗಿ ಹೋಗುತ್ತಲೇ ಇತ್ತು. ಪಾಟ್ಕರರು ಆ ಗೆರೆಯ ಕಾಗದವನ್ನು ಗೋಡೆಗೆ ಹಚ್ಚಿ ಎಲ್ಲರಿಗೂ ಪೇಡಾ ತರಿಸಿದರು. ನಾನು ಬಾರ್ಕೂರಿಗೆ ಫೋನ್ ಮಾಡಿದೆ.

“ಹೆಣೆ, ನಿಂತಿತ್” ಎಂದೆ ಗಿರಿಜೆಗೆ.

“ಎಂತ ನಿಂತದ್ದ್?”

“ಮದ್ದ್.”

“ಯಾರ್ ಮೈಯಂಗೆ?”

“ಇಲಿ ಮೈಯಂಗೆ.”

ಆಚೆಯಿಂದ ನಗು ಕೇಳಿತು. “ಇಲಿಗಾದ್ರೂ ಆಯ್ತಲೆ. ನಂಗೆ ಏಗ್ಳ್?”

ಇನ್ನು ಸ್ವಲ್ಪ ವರ್ಷ ತಾಳು ಎಂದೆ. “ಅಕ್ಕ್” ಎಂದು ಒಪ್ಪಿಕೊಂಡಳು.

ನಮ್ಮ ಗುಂಪಿನಲ್ಲಿ ಮೇಧಾ ಎಂಬ ಪುಣೆಯ ಹೆಂಗಸಿದ್ದಳು, ಪ್ರಾಣಿಗಳ ಮೇಲಿನ ಪರಿಣಾಮ ನೋಡುವವಳು. ಅವಳು ಪೇಡಾ ಕೈಯಲ್ಲೇ ಹಿಡಿದುಕೊಂಡು ಗೋಡೆಯ ಕಾಗದವನ್ನು ನೋಡುತ್ತ ನಿಂತಿದ್ದಳು. “ಮದ್ದು ಇಷ್ಟು ಹೊತ್ತು ರಕ್ತದಲ್ಲಿದ್ದರೆ ಕ್ಯಾಲ್ಸಿಯಂ ಯಾಕೆ ಬೇಗ ಇಳಿಯಿತು?” ಎಂದು ಕೇಳಿದಳು. ನಿಜ, ಇಲಿಗಳ ಕ್ಯಾಲ್ಸಿಯಂ ಮೊದಲು ಏರಿ, ಆಮೇಲೆ ಹಳೆಯ ಮದ್ದಿನಲ್ಲಿ ಇಳಿದ ಹಾಗೆಯೇ ಇಳಿದಿತ್ತು. ದೇಹ ಹೊಂದಿಕೊಂಡಿರಬೇಕು ಎಂದರು ಪಾಟ್ಕರರು. ಹೊಂದಿಕೊಂಡಿರಬೇಕು ಎಂದೆವು ನಾವೆಲ್ಲ. ಆ ಗೆರೆ ಅಷ್ಟು ಚಂದವಿತ್ತು. ಡೋಸ್ ಬದಲಾಯಿಸಿ, ಇಲಿ ಬದಲಾಯಿಸಿ, ಚುಚ್ಚುವ ಜಾಗ ಬದಲಾಯಿಸಿ, ಆ ಮದ್ದಿನ ಹಿಂದೆ ವರ್ಷಗಟ್ಟಲೆ ಹೋದೆವು.

ಕೊನೆಗೆ ಕಂಪನಿಗೆ ಅಣುಗಳನ್ನು ತೂಗಿ ಹೇಳುವ ಹೊಸ ಯಂತ್ರ ಬಂತು. ಅದರಲ್ಲಿ ನಮ್ಮ ಇಲಿಯ ರಕ್ತ ಹಾಕಿದಾಗ ನಿಜ ಹೊರಬಿತ್ತು. ಈ ಹಾರ್ಮೋನಿನ ತಲೆಯ ತುದಿಯಲ್ಲಿರುವ ಎರಡು ಮೂರು ಮಣಿಗಳೇ ಅದರ ಜೀವ. ಕಿಣ್ವಗಳು ಆ ತುದಿಯನ್ನು ಕಚ್ಚಿ ತೆಗೆದಿದ್ದವು. ಉಳಿದ ಮೈ, ನಾವು ಜೋಡಿಸಿದ ಸರಪಳಿಯ ಜೊತೆಗೆ, ರಕ್ತದಲ್ಲಿ ಆರಾಮಾಗಿ ತಿರುಗುತ್ತಿತ್ತು. ನಮ್ಮ ಹಳೆಯ ಪರೀಕ್ಷೆ ಹಿಡಿಯುತ್ತಿದ್ದದ್ದು ಬಾಲವನ್ನು. ಬಾಲ ಸಿಕ್ಕಿದರೆ ಮದ್ದು ಇದೆ ಎಂದು ಲೆಕ್ಕ. ಬಸ್ಸಿನ ಸೀಟಿನ ಮೇಲೆ ಟವೆಲ್ ಹಾಕಿಟ್ಟು ಹೋಗುತ್ತಾರಲ್ಲ, ಹಾಗೆ. ಸೀಟು ತುಂಬಿದೆ, ಮನುಷ್ಯನಿಲ್ಲ. ತುದಿ ಕಳೆದುಕೊಂಡ ಮದ್ದೆಂಬ ಆ ಟವೆಲ್ ನಿಜವಾದ ಹಾರ್ಮೋನಿಗೂ ಕೂರಲು ಜಾಗ ಬಿಡುತ್ತಿರಲಿಲ್ಲ.

ಇಂಥ ತಪ್ಪು ನಮ್ಮ ಕಸುಬಿನವರು ಮಾತ್ರ ಮಾಡಬಲ್ಲರು. ಬೇರೆ ಯಾರೇ ಆಗಿದ್ದರೂ ಇಲಿ ಸುಧಾರಿಸಿತೋ ಎಂದು ನೋಡುತ್ತಿದ್ದರು. ನಾವು ಮದ್ದು ನಿಂತಿದೆಯೋ ಎಂದು ನೋಡಿದೆವು. ನಿಲ್ಲಿಸುವುದೇ ಕೆಲಸ ಎಂದು ಕಲಿತವರಿಗೆ ನಿಂತದ್ದೇ ಸಾಕಾಗಿತ್ತು. ಪಾಟ್ಕರರು ಕಾಗದವನ್ನು ತಾವೇ ಗೋಡೆಯಿಂದ ಬಿಡಿಸಿ ಮಡಚಿ ಜೇಬಿಗೆ ಹಾಕಿಕೊಂಡರು. ಅದಾದ ಮೇಲೆ ಅವರು ಫ್ರಿಜ್ಜಿನ ಬಾಗಿಲು ತೆರೆದು ರೇಗುವುದನ್ನೂ ಕಡಿಮೆ ಮಾಡಿದರು. ನಿವೃತ್ತರಾಗಿ ರತ್ನಾಗಿರಿಗೆ ಹೋದರು. ಅದೇ ಸುಮಾರಿಗೆ ಗಿರಿಜೆಯ ಕಿಡ್ನಿಯ ಸ್ಕ್ಯಾನಿನಲ್ಲಿ ಸುಣ್ಣದ ಮೊದಲ ಬಿಳಿ ಚುಕ್ಕೆಗಳು ಕಾಣಿಸಿಕೊಂಡವು.

ಎರಡನೆಯ ದಾರಿ ಬೇರೆ. ರಕ್ತದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನು ಹೇರಳವಾಗಿದೆ, ವಾರಗಟ್ಟಲೆ ಇರುತ್ತದೆ. ಮದ್ದಿಗೆ ಒಂದು ಕೊಬ್ಬಿನ ಬಾಲ ಅಂಟಿಸಿದರೆ ಅದು ಅಲ್ಬುಮಿನ್ನಿಗೆ ಜೋತುಬಿದ್ದು ಜೊತೆಗೇ ಸುತ್ತುತ್ತದೆ, ಕಿಡ್ನಿಯ ಕೈಗೆ ಸಿಗುವುದಿಲ್ಲ. ತಲೆಯ ತುದಿಯನ್ನೂ ಕಿಣ್ವ ಕಚ್ಚಲಾರದ ಹಾಗೆ ಬದಲಾಯಿಸಿದೆವು. ಈ ಸಲ ನಾನು ಮದ್ದಿನ ಗೆರೆಯ ಮುಖವನ್ನೇ ನೋಡಲಿಲ್ಲ, ಮೇಧಾಳ ಕ್ಯಾಲ್ಸಿಯಂ ಗೆರೆಯನ್ನೇ ನೋಡುತ್ತಿದ್ದೆ. ಏರಿತು. ನಿಂತಿತು. ಮರುದಿನವೂ ನಿಂತಿತ್ತು. ನಾನು ಬಾರ್ಕೂರಿಗೆ ಫೋನ್ ಮಾಡಲು ಎದ್ದೆ. “ಇವತ್ತು ಬೇಡ. ಅದು ಇಳಿಯುವುದನ್ನು ನೋಡಿ ಮಾಡಿ” ಎಂದಳು ಮೇಧಾ.

ಇಳಿಯಲಿಲ್ಲ. ಏರುತ್ತಲೇ ಹೋಯಿತು. ಇಲಿಗಳು ಮೇವು ಬಿಟ್ಟವು, ನೀರು ಮಾತ್ರ ಕುಡಿದವು, ಮೂಲೆಯಲ್ಲಿ ಮುದುಡಿದವು. ಮೈಯಿಂದ ಮದ್ದು ತೆಗೆಯಲು ನಮ್ಮ ಹತ್ತಿರ ದಾರಿಯಿರಲಿಲ್ಲ. ಹೋಗಬಾರದು ಎಂದೇ ಅದನ್ನು ಮಾಡಿದ್ದೆವಲ್ಲ. ಸತ್ತ ಇಲಿಗಳ ಕಿಡ್ನಿಯ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದೆ. ತುಂಬ ಸುಣ್ಣ. ತಂಗಿಯ ಯಾವ ಗತಿಗೆ ಹೆದರಿ ಇಷ್ಟು ವರ್ಷ ದುಡಿದೆನೋ ಅದನ್ನೇ ಕೈಯಾರೆ ಇಲಿಗಳಿಗೆ ಮಾಡಿದ್ದೆವು. ಹೊಸಬರು ಇದೊಂದನ್ನು ನೆನಪಿಡಿ, ಮದ್ದನ್ನು ನಿಲ್ಲಿಸುವುದು ಅರ್ಧ ಕೆಲಸ ಮಾತ್ರ. ಬೇಕಾದಾಗ ಹೊರಡಿಸುವುದು ಉಳಿದರ್ಧ, ಅದು ಹೆಚ್ಚು ಕಷ್ಟದ್ದು.

ಮೂರನೆಯದು ಮೇಧಾಳ ಯೋಚನೆ. ಹಾರ್ಮೋನನ್ನು ಬದಲಾಯಿಸುವುದೇ ಬೇಡ. ಅದನ್ನು ಒಂದು ದೊಡ್ಡ ಹೊರೆಗೆ ಕಟ್ಟಿಹಾಕೋಣ, ಕಟ್ಟಿದ ಗಂಟು ಮಾತ್ರ ಮೈಯ ಶಾಖಕ್ಕೆ ಮೆಲ್ಲಮೆಲ್ಲನೆ ತಾನೇ ಬಿಚ್ಚಿಕೊಳ್ಳಲಿ. ಆಗ ದಿನವಿಡೀ ಹನಿಹನಿಯಾಗಿ ನಿಜವಾದ ಹಾರ್ಮೋನೇ ರಕ್ತಕ್ಕೆ ಬರುತ್ತದೆ, ಬಂದದ್ದು ತನ್ನ ಕೆಲಸ ಮಾಡಿ ಹೋಗುತ್ತದೆ. ಕೇಳಿದ ಕೂಡಲೇ ಇದು ಸರಿ ಎಂದು ನನಗೆ ಹೊಳೆಯಿತು. ಗಂಟು ಬಿಗಿಯಾದರೆ ಮದ್ದು ಬರುವುದಿಲ್ಲ, ಸಡಿಲವಾದರೆ ಒಮ್ಮೆಲೇ ಸುರಿಯುತ್ತದೆ. ಎಷ್ಟೋ ಗಂಟುಗಳನ್ನು ಹಾಕಿ ಬಿಚ್ಚಿ ನೋಡಿದೆವು. ರಜೆಯಲ್ಲಿ ಗಿರಿಜೆ ಮಲ್ಲಿಗೆ ಕಟ್ಟುವಾಗ ನಾನು ಪಕ್ಕದಲ್ಲಿ ಕೂತು ನಾರನ್ನೇ ನೋಡುತ್ತಿದ್ದರೆ, “ಹ್ವಾಯ್, ಎಂತ ಹಾಂಗ್ ಕಾಂತೆ? ಹೂಗ್ ಬೇಕಾ?” ಎನ್ನುತ್ತಿದ್ದಳು. ಆ ಹೊತ್ತಿಗೆ ಅವಳು ಕಟ್ಟುವುದು ಬಹಳ ಕಡಿಮೆಯಾಗಿತ್ತು.

ಇಲಿಯಲ್ಲಿ ಆಯಿತು. ನಾಯಿಯಲ್ಲೂ ಆಗುವ ಲಕ್ಷಣ ಕಂಡಿತು. ಕ್ಯಾಲ್ಸಿಯಂ ಏರಿ, ಇರಬೇಕಾದಲ್ಲಿ ಇದ್ದು, ಮದ್ದು ಬಿಟ್ಟರೆ ಮೆತ್ತಗೆ ಇಳಿಯುತ್ತಿತ್ತು.

ಆಗ ಕಂಪನಿಗೆ ಹೊಸ ಮುಖ್ಯಸ್ಥರು ಬಂದರು. ಮಾರಾಟದ ಕಡೆಯಿಂದ ಬಂದವರು, ಸೌಮ್ಯ ಮನುಷ್ಯ. ಪಾಟ್ಕರರ ಹಾಗೆ ಒಂದು ದಿನವೂ ದನಿ ಎತ್ತಲಿಲ್ಲ. ಒಂದೊಂದೇ ಯೋಜನೆಯನ್ನು ಕರೆಸಿ ಕೇಳುತ್ತ ನಮ್ಮ ಸರದಿ ಬಂದಾಗ, “ಮೂಳೆಗೆ ದಿನಾ ಚುಚ್ಚುವ ಮದ್ದು ಇದ್ದೇ ಇದೆ. ಗ್ರಂಥಿ ಕಳೆದುಕೊಂಡವರು ದೇಶದಲ್ಲಿ ಎಷ್ಟಿದ್ದಾರೆ?” ಎಂದರು. ಮೇಧಾ ಗೊತ್ತಿದ್ದಷ್ಟು ಹೇಳಿದಳು. “ಅವರಲ್ಲಿ ಕೊಳ್ಳಬಲ್ಲವರು?” ಎಂದರು. ಅವಳು ಕಾಗದಗಳನ್ನು ಮಡಚಿದಳು. ಪಾಟ್ಕರರು ಹೇಳಬೇಡ ಎಂದಿದ್ದ ಮಾತು ನನ್ನ ಬಾಯಿಂದ ಹೊರಬಿತ್ತು. “ನನ್ನ ತಂಗಿ ಇದ್ದಾಳೆ” ಎಂದೆ.

ಅವರು ನಿಜವಾಗಿಯೂ ಬೇಸರ ಪಟ್ಟುಕೊಂಡರು. ನನ್ನ ಹೆಗಲ ಮೇಲೆ ಕೈಯಿಟ್ಟು, “ಶೆಟ್ಟಿ ಸಾಹೇಬರೇ, ಒಬ್ಬರಿಗಾಗಿ ಮದ್ದು ಮಾಡಲು ಆಗುವುದಿಲ್ಲವಲ್ಲ” ಎಂದರು. ಆ ವಾರವೇ ಯೋಜನೆ ಮುಚ್ಚಿತು. ಫ್ರೀಜರಿನಲ್ಲಿದ್ದ ನಮ್ಮ ಸೀಸೆಗಳನ್ನು ನಿಯಮದ ಪ್ರಕಾರ ನಾಶ ಮಾಡಿದರು. ನಿಯಮದ ಪ್ರಕಾರ ನಾನೂ ಎದುರಿಗೆ ನಿಂತಿದ್ದೆ. ಜಗಳವಾಡಲು ಎದುರಿಗೊಬ್ಬ ಕೆಟ್ಟವನಿದ್ದಿದ್ದರೆ ಒಳ್ಳೆಯದಿತ್ತು.

ಊರಿಗೆ ಬಂದಾಗ ಗಿರಿಜೆಗೆ ಇದ್ದದ್ದನ್ನು ಹೇಳಿದೆ. “ಹಾಂಗಾರೆ ಬಿಡ್. ಉಂಬುಕೆ ಏಳ್, ಗಂಜಿ ತಣಿತ್” ಎಂದಳು.

ಆಮೇಲೆ ನಮ್ಮನ್ನೆಲ್ಲ ಮೈ ಇಳಿಸುವ ಮದ್ದಿಗೆ ಹಾಕಿದರು. ಹಸಿವು ಕಡಿಮೆ ಮಾಡುವ ಪೆಪ್ಟೈಡು, ವಾರಕ್ಕೊಂದು ಚುಚ್ಚಿದರೆ ಸಾಕು. ಅದನ್ನು ವಾರವಿಡೀ ನಿಲ್ಲಿಸುವುದೂ ಒಂದು ಕೊಬ್ಬಿನ ಬಾಲವೇ. ಆ ಬಾಲದ ಕೆಲಸ ನಮಗೆ ಕರಗತವಾಗಿತ್ತು, ಕಂಪನಿಗೆ ಬೇಕಾದದ್ದೂ ಅಷ್ಟೇ. ಕೆಲಸದ ರೀತಿಯೂ ಬದಲಾಯಿತು. ಯಾವ ಮಣಿ ತೆಗೆದು ಯಾವುದನ್ನು ಹಾಕಬೇಕೆಂದು ಕಂಪ್ಯೂಟರೇ ಹೇಳುತ್ತದೆ, ಜೋಡಿಸಲು ಯಂತ್ರವಿದೆ. ನಾವು ವರ್ಷಗಟ್ಟಲೆ ಹುಡುಕಿದ್ದನ್ನು ಹೊಸ ಹುಡುಗರು ಒಂದು ಮಧ್ಯಾಹ್ನದಲ್ಲಿ ಹುಡುಕುತ್ತಾರೆ. ಹೊಟ್ಟೆಕಿಚ್ಚು ಎಂದರೂ ಸರಿ, ನನಗೆ ಅದನ್ನು ನೋಡಲಾಗುತ್ತಿರಲಿಲ್ಲ. ಇಷ್ಟು ಬೇಗ ಆಗುವ ಕೆಲಸ ಅವಳಿಗೆ ಬೇಕಾದ ಕಾಲದಲ್ಲಿ ಆಗಲಿಲ್ಲ.

ನಿವೃತ್ತಿಯ ಹಿಂದಿನ ವರ್ಷ ಬೈಂದೂರಿನಲ್ಲಿ ಒಂದು ಮದುವೆ. ಊಟದ ಸಾಲಿನಲ್ಲಿ ನನ್ನ ಎದುರಿಗೆ ಮಾವನ ಮಗ, ದೊಡ್ಡ ಹೋಟೆಲಿನವನು, ಪಕ್ಕದಲ್ಲಿ ಗಿರಿಜೆ. ಅವನು ಎಲೆಯ ಮೇಲೆ ಅನ್ನವನ್ನು ಹಾಗೇ ಬಿಟ್ಟು ಕೂತಿದ್ದ. ಬಹಳ ಇಳಿದಿದ್ದ.

“ಭಯಂಕರ ಮದ್ದ್ ಮಾರಾಯಾ ನಿಮ್ ಕಂಪನಿದ್” ಎಂದ ನನಗೆ. “ವಾರಕ್ ಒಂದೇ. ಚುಚ್ಚಿ ಮರ್ತ್ ಬಿಡುದ್.”

ಗಿರಿಜೆ ಕೈಚೀಲದಿಂದ ಸ್ಟೀಲಿನ ಡಬ್ಬಿ ತೆಗೆದು, ಹಿಡಿ ಮಾತ್ರೆ ಬಾಯಿಗೆ ಹಾಕಿ ನೀರು ಕುಡಿದಳು. ಆ ಹೊತ್ತಿಗೆ ಅವಳಿಗೆ ಸಕ್ಕರೆ ಕಾಯಿಲೆಯೂ ಬಂದು ಇನ್ಸುಲಿನ್ ಶುರುವಾಗಿತ್ತು, ಬಡಿಸಲು ಬಂದ ಪಾಯಸಕ್ಕೆ ಕೈ ಅಡ್ಡ ಹಿಡಿದಳು. ಆಮೇಲೆ ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದಳು.

“ಅದ್ ನಿಂಗ್ಳೇ ಮಾಡಿದ್ದಾ, ಅಣ್ಣಯ್ಯ?”

“ಹೌದ್.”

“ವಾರ ಪೂರ್ತಿ ನಿಲ್ತಾ?”

“ನಿಲ್ತ್.”

“ಹಾಂಗಾರೆ ನಿಮ್ಗೆ ಮಾಡುಕ್ ಬತ್ತ್” ಎಂದಳು. ಕೊಂಕಿನ ಮಾತಲ್ಲ. ಇಷ್ಟು ದಿನ ಅಣ್ಣನಿಗೆ ಮಾಡಲು ಬರುವುದಿಲ್ಲವೇನೋ ಎಂದು ಸಮಾಧಾನ ಮಾಡಿಕೊಂಡಿದ್ದವಳಿಗೆ ಈಗ ಗೊತ್ತಾಯಿತು ಅಷ್ಟೇ. ನನ್ನ ಎಲೆಯಲ್ಲೂ ಅನ್ನ ಹಾಗೇ ಉಳಿಯಿತು.

ನಿವೃತ್ತನಾಗಿ ಕುಂದಾಪುರಕ್ಕೆ ಬಂದೆ. ಒಂದು ದಿನ ಮೇಧಾ ಪುಣೆಯಿಂದ ಫೋನ್ ಮಾಡಿದಳು. ಹೊರದೇಶದ ಒಂದು ಕಂಪನಿಯ ಮದ್ದು ಒಪ್ಪಿಗೆಯಾಗಿ ಹೊರಬಂದಿದೆ, ಅದೇ ಹಾರ್ಮೋನು, ಮೆಲ್ಲಗೆ ಬಿಚ್ಚಿಕೊಳ್ಳುವ ಗಂಟು, ದಿನಕ್ಕೊಂದು ಚುಚ್ಚು. ಅವರು ನಮ್ಮಿಂದ ಕದ್ದದ್ದೇನೂ ಅಲ್ಲ. ಅವರ ತಲೆಗೂ ಹೊಳೆದಿತ್ತು, ಅವರ ಕಂಪನಿ ಮುಗಿಸಲು ಬಿಟ್ಟಿತು. ಹೇಳುತ್ತ ಹೇಳುತ್ತ ಅವಳು ಅತ್ತಳು. ನನಗೆ ಅಳು ಬರಲಿಲ್ಲ, ತರಿಸಿಕೊಳ್ಳುವುದು ಹೇಗೆ ಎಂದು ಮಾತ್ರ ಕೇಳಿದೆ. ಕಂಡಕಂಡವರಿಗೆ ಫೋನ್ ಮಾಡಿದೆ, ಮುಂಬಯಿಯ ಹಳೆಯ ಪರಿಚಯದವರ ಕಾಲು ಹಿಡಿದೆ. ಗಿರಿಜೆಯ ವರದಿಗಳನ್ನು ಒಟ್ಟುಮಾಡಿಕೊಂಡು ಕಿಡ್ನಿ ಡಾಕ್ಟರ ಹತ್ತಿರ ಓಡಿದೆ. ಅವರು ವರದಿಯನ್ನು ಎರಡು ಸಲ ತಿರುವಿದರು. “ಮದ್ದು ಒಳ್ಳೆಯದೇ ಇರಬಹುದು ಸರ್. ಆದರೆ ಇದು ಕಿಡ್ನಿಯನ್ನು ಉಳಿಸಲು ಕೊಡುವ ಮದ್ದಲ್ಲವಾ? ಇವರಲ್ಲಿ ಉಳಿಸಲು ಏನೂ ಉಳಿದಿಲ್ಲ” ಎಂದರು. ಹೊರಗೆ ಬೆಂಚಿನ ಮೇಲೆ ಶೇಖರ ಭಾವ ಕೂತಿದ್ದ. ನನ್ನ ಮುಖ ನೋಡಿ ಚೀಲವನ್ನು ಹೆಗಲಿಗೆ ಹಾಕಿಕೊಂಡು ಎದ್ದ.

ಈಗ ಕುಂದಾಪುರದಲ್ಲಿ ಅವಳಿಗೆ ಡಯಾಲಿಸಿಸ್. ಬಾರ್ಕೂರಿನಿಂದ ಭಾವ ಬಸ್ಸಿಗೆ ಹತ್ತಿಸುತ್ತಾನೆ, ಇಲ್ಲಿ ನಾನು ಇಳಿಸಿಕೊಳ್ಳುತ್ತೇನೆ. ಮಲ್ಲಿಗೆ ಗಿಡಗಳನ್ನು ಪಕ್ಕದ ಮನೆಯವರು ಕೊಯ್ದುಕೊಳ್ಳುತ್ತಾರೆ. ಯಂತ್ರ ತಿರುಗುವಾಗ ನಾನು ಪಕ್ಕದ ಸ್ಟೂಲಿನಲ್ಲಿ ಕೂರುತ್ತೇನೆ. ಆ ಹುಡುಗಿ ಸ್ಫೂರ್ತಿ ಕೇಳಿಕೊಂಡು ಬಂದಾಗಲೂ ಅಲ್ಲಿಂದಲೇ ಮನೆಗೆ ಬಂದಿದ್ದೆ.

ಹೋದ ವಾರ ಗಿರಿಜೆ ಬಸ್ಸಿಳಿಯುವಾಗ ಬೆವರಿ ಕುಸಿದಳು. ಸಕ್ಕರೆ ಬಹಳ ಇಳಿದಿತ್ತು. ಬಾಯಿಗೆ ಗ್ಲೂಕೋಸು ಹಾಕಿ ಮಲಗಿಸಿ, ಯಂತ್ರಕ್ಕೆ ಜೋಡಿಸಿದ ಮೇಲೆ ಅಲ್ಲಿನ ಎಳೆಯ ಡಾಕ್ಟರು ಬಂದರು. ನಮ್ಮ ಕಡೆಯವರೇ.

“ಅಮ್ಮ, ಇನ್ಸುಲಿನ್ ಮುಂಚಿನಷ್ಟೇ ತಕಂತಿದ್ರ್ಯಾ?” ಎಂದು ಕೇಳಿದರು.

“ಹೌದ್.”

“ಇನ್ ಅರ್ಧ ಸಾಕ್. ಕಿಡ್ನಿ ಸರಿ ಇಪ್ಪತಿಗೆ ಅದ್ ಇನ್ಸುಲಿನ್ನ ಹೊರಗ್ ಹಾಕ್ತಿತ್ತ್. ಈಗ ಹಾಕುಕ್ ಕಿಡ್ನಿ ಇಲ್ಲೆ ಅಲ್ದಾ? ಮದ್ದ್ ಮೈಯಂಗೇ ನಿಲ್ತ್, ಬೇಗ ಹೋತಿಲ್ಲೆ.”

ಡಾಕ್ಟರು ಮುಂದಿನ ಮಂಚಕ್ಕೆ ಹೋದರು. ಗಿರಿಜೆ ದಿಂಬಿನ ಮೇಲೆ ತಲೆ ತಿರುಗಿಸಿ ನನ್ನನ್ನು ನೋಡಿದಳು.

“ಕೇಂಡ್ಯಾ ಅಣ್ಣಯ್ಯ? ಈಗ ನಿಲ್ತಂಬ್ರ್.”

ಕೇಳಿದೆ ಎಂದೆ.

“ಇಷ್ಟ್ ವರ್ಷ ನೀ ಮಾಡುಕ್ ಹೊರ್ಟದ್ದ್ ಇದೇ ಅಲ್ದಾ?”

ಹೌದು ಎಂದೆ. ಸೂಜಿಯಿಲ್ಲದ ಕೈಯ ಬೆರಳುಗಳು ಮತ್ತೆ ತುದಿಗೂಡಿ ಸೆಟೆದುಕೊಂಡಿದ್ದವು. ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡು, ಅವನ್ನು ಒಂದೊಂದಾಗಿ ಬಿಡಿಸುತ್ತ ಕೂತೆ.